‘ಪ್ರಯೋಗ’ವೆಂದರೆ ಬೆಚ್ಚುವ ಮುನ್ನ

ಕನ್ನಡದಲ್ಲಿ ‘ಪ್ರಯೋಗ’ ಎಂಬ ಪದಕ್ಕೆ ಅಷ್ಟೇನೂ ಒಳ್ಳೆಯ ಹೆಸರಿಲ್ಲ. ಅಸ್ತ್ರಪ್ರಯೋಗ, ಬಲಪ್ರಯೋಗ, ಅಶ್ರುವಾಯು ಪ್ರಯೋಗ, ಮಾಟ-ಮಂತ್ರದ ಪ್ರಯೋಗ – ಎಲ್ಲವೂ ಯಾರದೋ ‘ಮೇಲೆ’ ನಡೆಯುವಂಥವು. ಹಾಗಾಗಿ ರಕ್ತ ಕ್ಯಾನ್ಸರ್ ಎಂದು ಆಗಷ್ಟೇ ತಿಳಿದ ಮಗುವಿನ ತಂದೆ-ತಾಯಿಯ ಮುಂದೆ ವೈದ್ಯರು ಒಂದು ಸಮ್ಮತಿ ಪತ್ರವನ್ನಿಟ್ಟು, ‘ಇಂಥದೊಂದು ಅಧ್ಯಯನ ನಡೆಯುತ್ತಿದೆ, ನಿಮ್ಮ ಮಗುವನ್ನೂ ಸೇರಿಸಬಹುದು’ ಎಂದಾಗ, ‘ನಮ್ಮ ಮಗುವಿನ ಮೇಲೆ ಪ್ರಯೋಗ ಮಾಡುತ್ತೀರಾ ಡಾಕ್ಟ್ರೇ?’ ಎಂಬ ಪ್ರಶ್ನೆ ಬಂದರೆ ಅದನ್ನು ಅಜ್ಞಾನವೆಂದು ತಳ್ಳಿಹಾಕಲಾಗದು. ಆದರೆ ಆ ಪ್ರಶ್ನೆಗೆ ಉತ್ತರವೊಂದಿದೆ. ಮಕ್ಕಳಲ್ಲಿ ಅತಿ ಹೆಚ್ಚಾಗಿ ಕಾಣಿಸಿಕೊಳ್ಳುವ ಕ್ಯಾನ್ಸರ್ ಆದ ‘ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ’ ಎಂಬ ಕಾಯಿಲೆಯ ಇತಿಹಾಸವೇ ಆ ಉತ್ತರ.

ಅಸ್ಥಿಮಜ್ಜೆಯಲ್ಲಿ ಬಲಿಯದ ಬಿಳಿ ರಕ್ತಕಣಗಳು ಅಂಕೆಯಿಲ್ಲದೆ ಹುಟ್ಟಿ, ಉಳಿದ ಕಣಗಳಿಗೆ ಜಾಗವೇ ಇಲ್ಲದಂತೆ ಮಾಡುವ ರೋಗವಿದು. ಎರಡರಿಂದ ಐದು ವರ್ಷದ ಮಕ್ಕಳಲ್ಲಿ ಹೆಚ್ಚು. ಬಿಡದ ಜ್ವರ, ಬಿಳಿಚಿಕೊಂಡ ಮುಖ, ಮೂಳೆನೋವು, ಕಾರಣವಿಲ್ಲದೆ ಮೈಮೇಲೆ ಕಾಣುವ ನೀಲಿ ಕಲೆಗಳು ಇದರ ಲಕ್ಷಣ. 1940ರ ದಶಕದಲ್ಲಿ ಈ ರೋಗ ತಗುಲಿದ ಮಗು ಕೆಲವೇ ವಾರ ಅಥವಾ ತಿಂಗಳಲ್ಲಿ ಸಾಯುತ್ತಿತ್ತು. ಇಂದು ಸೌಕರ್ಯವುಳ್ಳ ದೇಶಗಳಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳು ಬದುಕುಳಿಯುತ್ತಾರೆ. ಈ ಬದಲಾವಣೆಯನ್ನು ತಂದ ಪವಾಡದ ಔಷಧ ಯಾವುದು ಎಂದು ಹುಡುಕಹೊರಟವರಿಗೆ ನಿರಾಸೆಯಾಗುತ್ತದೆ. ಅಂಥದೊಂದು ಇಲ್ಲ. ಮಕ್ಕಳಿಗೆ ಕೊಡುವ ಮೂಲ ಔಷಧಗಳಲ್ಲಿ ಹೆಚ್ಚಿನವು 1970ರ ವೇಳೆಗೇ ವೈದ್ಯರ ಕೈಯಲ್ಲಿದ್ದವು. ಅವನ್ನು ಯಾವುದರೊಡನೆ ಯಾವುದು, ಎಷ್ಟು, ಎಂದು, ಎಷ್ಟು ಕಾಲ ಕೊಡಬೇಕೆಂಬುದನ್ನು ಒಂದೊಂದಾಗಿ ಹೋಲಿಸಿ ನೋಡಿದ್ದೇ ನಂತರದ ಅರ್ಧ ಶತಮಾನದ ದೊಡ್ಡ ಕೆಲಸ.

ಕಥೆಯ ಮೊದಲ ಎಳೆ ಶುರುವಾಗುವುದು ನಮ್ಮ ನೆಲದಲ್ಲೇ. 1928ರಲ್ಲಿ ಬೊಂಬಾಯಿಗೆ ಬಂದ ಇಂಗ್ಲಿಷ್ ವೈದ್ಯೆ ಲೂಸಿ ವಿಲ್ಸ್, ಬಟ್ಟೆ ಗಿರಣಿಗಳ ಬಡ ಬಸುರಿ ಹೆಂಗಸರನ್ನು ಕಾಡುತ್ತಿದ್ದ ವಿಚಿತ್ರ ರಕ್ತಹೀನತೆಯನ್ನು ಅಭ್ಯಸಿಸಿ, ಯೀಸ್ಟ್ ಸಾರದಲ್ಲಿ ಅದನ್ನು ಗುಣಪಡಿಸುವ ಅಂಶವೊಂದಿದೆಯೆಂದು 1931ರಲ್ಲಿ ಪ್ರಕಟಿಸಿದರು. ಅದೇ ಮುಂದೆ ಫೋಲಿಕ್ ಆಮ್ಲ ಎಂದು ಹೆಸರಾಯಿತು. ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ ಅಮೆರಿಕದ ಲೆಡರ್ಲೆ ಕಂಪೆನಿಯ ತಂಡಕ್ಕೆ ಮುಖ್ಯಸ್ಥರಾಗಿದ್ದವರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಬಾಸ್ಟನ್‌ನ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರ್, ರಕ್ತ ಹೆಚ್ಚಿಸುವ ಈ ವಸ್ತು ಲ್ಯುಕೇಮಿಯಾಕ್ಕೂ ಒಳ್ಳೆಯದಾಗಬಹುದೆಂದು ಬಗೆದು ರೋಗಿಗಳಿಗೆ ಕೊಟ್ಟು ನೋಡಿದರು. ರೋಗ ಇನ್ನಷ್ಟು ಉಲ್ಬಣಿಸಿತು. ಹಾಗಾದರೆ ಫೋಲಿಕ್ ಆಮ್ಲವನ್ನು ತಡೆಯುವ ವಸ್ತು ಕೊಟ್ಟರೆ? ಸುಬ್ಬರಾವ್ ತಂಡ ತಯಾರಿಸಿದ ಅಮಿನೊಪ್ಟೆರಿನ್ ಎಂಬ ಅಂಥ ವಸ್ತುವನ್ನು ಫಾರ್ಬರ್ 16 ಮಕ್ಕಳಿಗೆ ಕೊಟ್ಟರು. 10 ಮಕ್ಕಳಲ್ಲಿ ರೋಗ ಹಿಂದೆ ಸರಿಯಿತು. ಆದರೆ ತಾತ್ಕಾಲಿಕವಾಗಿ. 1948ರ ಜೂನ್‌ನಲ್ಲಿ ಪ್ರಕಟವಾದ ಅವರ ಲೇಖನದ ಶೀರ್ಷಿಕೆಯಲ್ಲೇ ‘ತಾತ್ಕಾಲಿಕ’ ಎಂಬ ಪದವಿದೆ. ಅದೇ ವರ್ಷದ ಆಗಸ್ಟ್‌ನಲ್ಲಿ ಸುಬ್ಬರಾವ್ ತಮ್ಮ 53ನೇ ವಯಸ್ಸಿನಲ್ಲಿ ತೀರಿಕೊಂಡರು. ಭಾರತದಲ್ಲಿ ಅವರ ಹೆಸರನ್ನು ಬಲ್ಲವರು ಇಂದಿಗೂ ಕಡಿಮೆ.

ಮುಂದಿನ ವರ್ಷಗಳಲ್ಲಿ ಔಷಧಗಳು ಒಂದೊಂದಾಗಿ ಬಂದವು. ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ರೂಪಿಸಿದ 6-ಮರ್ಕ್ಯಾಪ್ಟೊಪ್ಯುರಿನ್‌ಗೆ ಅಮೆರಿಕ 1953ರಲ್ಲಿ ಅನುಮತಿ ನೀಡಿತು. ನಮ್ಮ ಮನೆಯಂಗಳಗಳಲ್ಲಿ ನಿತ್ಯಪುಷ್ಪವೆಂದೋ ಕಾಶಿಕಣಗಿಲೆಯೆಂದೋ ಕರೆಸಿಕೊಂಡು ಆರೈಕೆಯಿಲ್ಲದೆಯೇ ಅರಳುವ ಗಿಡದಿಂದ ತೆಗೆದ ವಿನ್‌ಕ್ರಿಸ್ಟೀನ್‌ಗೆ ಅನುಮತಿ ದೊರೆತದ್ದು 1963ರಲ್ಲಿ. ಆದರೆ ಒಂದೊಂದನ್ನೂ ಒಂಟಿಯಾಗಿ ಕೊಟ್ಟಾಗ ಆದದ್ದು ಇಷ್ಟೇ: ಕೆಲವು ತಿಂಗಳ ಗೆಲುವು, ಮತ್ತೆ ರೋಗದ ಮರಳುವಿಕೆ, ಸಾವು.

ಆ ಕಾಲದ ಒಂದು ಪ್ರಯೋಗವನ್ನು ಸ್ವಲ್ಪ ವಿವರವಾಗಿ ನೋಡಬೇಕು. ನೈತಿಕತೆಯ ಕಷ್ಟವೆಲ್ಲ ಅದರೊಳಗಿದೆ. ಸ್ಟೀರಾಯ್ಡ್ ಔಷಧದಿಂದ ರೋಗ ಹಿಂದೆ ಸರಿದಿದ್ದ 42 ಮಕ್ಕಳನ್ನು ಅಮೆರಿಕದ 11 ಆಸ್ಪತ್ರೆಗಳು 21 ಜೋಡಿಗಳನ್ನಾಗಿ ಮಾಡಿದವು. ಪ್ರತಿ ಜೋಡಿಯಲ್ಲಿ ಒಂದು ಮಗುವಿಗೆ 6-ಮರ್ಕ್ಯಾಪ್ಟೊಪ್ಯುರಿನ್, ಇನ್ನೊಂದಕ್ಕೆ ಔಷಧವಿಲ್ಲದ ಹುಸಿ ಮಾತ್ರೆ. ಯಾರಿಗೆ ಯಾವುದೆಂಬುದು ಚೀಟಿ ಎತ್ತಿದಂತೆ ನಿರ್ಧಾರ. ಕ್ಯಾನ್ಸರ್ ಇರುವ ಮಗುವಿಗೆ ಹುಸಿ ಮಾತ್ರೆಯೇ ಎಂದು ಯಾರ ಮನಸ್ಸೂ ಕಲಕುತ್ತದೆ. ಆದರೆ ರೋಗ ಹಿಂದೆ ಸರಿದ ಮೇಲೂ ಔಷಧ ಮುಂದುವರಿಸಿದರೆ ಉಪಯೋಗವೋ ಅಪಾಯವೋ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಔಷಧವೇ ವಿಷ. ಫಲಿತಾಂಶವನ್ನು ಕೊನೆಯವರೆಗೆ ಮುಚ್ಚಿಡದೆ, ಒಂದೊಂದು ಜೋಡಿಯ ಫಲ ಬಂದಂತೆಲ್ಲ ಲೆಕ್ಕ ಹಾಕುತ್ತ, ವ್ಯತ್ಯಾಸ ಸ್ಪಷ್ಟವಾದೊಡನೆ ನಿಲ್ಲಿಸುವಂತೆ ಪ್ರಯೋಗವನ್ನು ರೂಪಿಸಲಾಗಿತ್ತು. 1963ರಲ್ಲಿ ಪ್ರಕಟವಾದ ಉತ್ತರ ಹೀಗಿತ್ತು: ಹುಸಿ ಮಾತ್ರೆ ಪಡೆದವರಲ್ಲಿ ರೋಗ ಮರಳದೆ ಉಳಿದ ಮಧ್ಯಮ ಅವಧಿ 8 ವಾರ, ಔಷಧ ಪಡೆದವರಲ್ಲಿ 23 ವಾರ. ಇಂದು ಮಗುವಿನ ಚಿಕಿತ್ಸೆ ಎರಡರಿಂದ ಎರಡೂವರೆ ವರ್ಷ ನಡೆಯುವುದು, ಅದರ ಬಹುಭಾಗ ಮನೆಯಲ್ಲೇ ಇದೇ ಮಾತ್ರೆಯನ್ನು ದಿನವೂ ನುಂಗುತ್ತ ಕಳೆಯುವುದು – ಎರಡಕ್ಕೂ ಬುನಾದಿ ಹಾಕಿದ ಅಧ್ಯಯನಗಳಲ್ಲಿ ಇದೊಂದು. ಆ 42 ಮಕ್ಕಳ ಅಂಕಿಅಂಶ ಇಂದಿಗೂ ಸಂಖ್ಯಾಶಾಸ್ತ್ರದ ಪಠ್ಯಗಳಲ್ಲಿದೆ. ಸಾವಿರಾರು ವಿದ್ಯಾರ್ಥಿಗಳು ಅದರ ಮೇಲೆ ಲೆಕ್ಕ ಕಲಿತಿದ್ದಾರೆ. ಆ ಸಂಖ್ಯೆಗಳ ಹಿಂದೆ ಯಾರಿದ್ದರೆಂದು ಎಷ್ಟು ಮಂದಿ ಯೋಚಿಸಿದರೋ.

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಎಮಿಲ್ ಫ್ರೈ ಮತ್ತು ಎಮಿಲ್ ಫ್ರೈರೈಕ್ ನಾಲ್ಕು ಔಷಧಗಳನ್ನು ಒಟ್ಟಿಗೇ ಕೊಡುವ ಧೈರ್ಯ ಮಾಡಿದ್ದು 1962ರ ಸುಮಾರಿಗೆ. ಅದೇ ವರ್ಷ ಮೆಂಫಿಸ್‌ನಲ್ಲಿ ತೆರೆದ ಸೇಂಟ್ ಜೂಡ್ ಮಕ್ಕಳ ಸಂಶೋಧನಾ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್ ಇನ್ನೂ ಮುಂದೆ ಹೋದರು. ಔಷಧಗಳು ತಲುಪದ ಮೆದುಳು ಮತ್ತು ಬೆನ್ನುಹುರಿಯ ಸುತ್ತ ರೋಗದ ಕಣಗಳು ಅಡಗಿ ಕೂರುತ್ತವೆಂದು ಅರಿತು, ತಲೆಗೆ ವಿಕಿರಣ ಹಾಗೂ ಬೆನ್ನುಹುರಿಯ ದ್ರವಕ್ಕೆ ನೇರ ಚುಚ್ಚುಮದ್ದು ಸೇರಿಸಿದರು. 1967–68ರಲ್ಲಿ ಅವರ ಐದನೇ ಅಧ್ಯಯನಕ್ಕೆ ಸೇರಿದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಗುಣಮುಖರಾದರು. ಗುಣವಾಗದ ಕಾಯಿಲೆಯೆಂದೇ ಪಠ್ಯಪುಸ್ತಕಗಳು ಬರೆಯುತ್ತಿದ್ದ ದಿನಗಳವು.

ಇಲ್ಲಿಂದ ಮುಂದಿನದು ನನಗೆ ಇನ್ನೂ ಹೆಚ್ಚು ಮೆಚ್ಚುಗೆಯಾಗುವ ಭಾಗ. ಗೆದ್ದ ಚಿಕಿತ್ಸೆಯನ್ನೇ ಸಂಶೋಧಕರು ಅನುಮಾನಿಸಲು ಶುರುಮಾಡಿದರು. ತಲೆಗೆ ವಿಕಿರಣ ಪಡೆದ ಮಕ್ಕಳಲ್ಲಿ ಕೆಲವರ ಬೆಳವಣಿಗೆ ಕುಂಠಿತವಾಯಿತು, ಕಲಿಕೆ ಹಿಂದೆ ಬಿತ್ತು, ವರ್ಷಗಳ ನಂತರ ಮೆದುಳಿನ ಗೆಡ್ಡೆಗಳು ಕಾಣಿಸಿಕೊಂಡವು. ವಿಕಿರಣವಿಲ್ಲದೆಯೂ ಸಾಧ್ಯವೇ? ಉತ್ತರ ಹುಡುಕಲು ಹಲವು ಅಧ್ಯಯನಗಳು ಬೇಕಾದವು. ಕೊನೆಗೆ ಅದೇ ಸೇಂಟ್ ಜೂಡ್ ಆಸ್ಪತ್ರೆಯೇ, ವಿಕಿರಣವನ್ನು ಪೂರ್ಣ ಕೈಬಿಟ್ಟ 498 ಮಕ್ಕಳಲ್ಲಿ ಐದು ವರ್ಷದ ಉಳಿವು ಶೇ 93.5ರಷ್ಟಿದೆಯೆಂದು 2009ರಲ್ಲಿ ವರದಿ ಮಾಡಿತು. ಬ್ರಿಟನ್ನಿನ ‘ಯುಕೆಆಲ್ 2003’ ಅಧ್ಯಯನ ಕೇಳಿದ್ದು ಇದೇ ಬಗೆಯ ಇನ್ನೊಂದು ಪ್ರಶ್ನೆ. ಮೊದಲ ತಿಂಗಳ ಚಿಕಿತ್ಸೆಯ ನಂತರ ಅಸ್ಥಿಮಜ್ಜೆಯಲ್ಲಿ ರೋಗದ ಕಣಗಳು ಸೂಕ್ಷ್ಮ ಪರೀಕ್ಷೆಗೂ ಸಿಗದಷ್ಟು ಕಡಿಮೆಯಾದ ಮಕ್ಕಳಿಗೆ ತೀವ್ರ ಕಿಮೊಥೆರಪಿಯ ಎರಡನೆಯ ಸುತ್ತು ಬೇಕೇ? ಬೇಡವೆಂದು 2013ರ ಫಲಿತಾಂಶ ತೋರಿಸಿತು. ‘ಪ್ರಯೋಗ’ವೆಂದರೆ ಹೊಸ ಔಷಧವನ್ನು ತುರುಕುವುದೆಂದೇ ಭಾವಿಸುವವರು ಇದನ್ನು ಗಮನಿಸಬೇಕು. ಇರುವುದನ್ನು ಕಡಿಮೆ ಮಾಡಬಹುದೆಂದು ಧೈರ್ಯವಾಗಿ ಹೇಳುವುದಕ್ಕೂ ಪ್ರಯೋಗವೇ ಬೇಕು. ಅಧ್ಯಯನವಿಲ್ಲದೆ ಔಷಧ ಕಡಿಮೆ ಮಾಡುವ ವೈದ್ಯರು ಮಗುವಿನ ಜೀವದೊಡನೆ ಜೂಜಾಡಿದಂತೆ.

ಭಾರತದಲ್ಲಿ ಈ ರೋಗದ ಸಂಘಟಿತ ಅಧ್ಯಯನ ಬಲ ಪಡೆದದ್ದು 1984ರಲ್ಲಿ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಇಯಾನ್ ಮಗ್ರಾತ್ ಅವರ ಸಹಯೋಗದಲ್ಲಿ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ, ದೆಹಲಿಯ ಏಮ್ಸ್ ಮತ್ತು ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಸಂಸ್ಥೆಗಳು ‘ಎಂಸಿಪಿ-841’ ಎಂಬ ಒಂದೇ ಚಿಕಿತ್ಸಾ ಕ್ರಮವನ್ನು ಅಳವಡಿಸಿಕೊಂಡವು. ಇಲ್ಲಿನ ಆಸ್ಪತ್ರೆಗಳಿಗೆ ನಿಭಾಯಿಸಲು ಸಾಧ್ಯವಾಗುವಂತೆ ಹೊಂದಿಸಿದ ಕ್ರಮವದು. ಸಾವಿರಕ್ಕೂ ಹೆಚ್ಚು ರೋಗಿಗಳ ಅನುಭವವನ್ನು 2005ರಲ್ಲಿ ಪ್ರಕಟಿಸಿದಾಗ ಹೊರಬಂದ ಸತ್ಯಗಳು ಎರಡು. ಒಂದೇ ಕ್ರಮವನ್ನು ಶಿಸ್ತಾಗಿ ಪಾಲಿಸಿದ್ದರಿಂದ ಬದುಕುಳಿದವರ ಪ್ರಮಾಣ ಹಿಂದಿನದಕ್ಕಿಂತ ಗಣನೀಯವಾಗಿ ಏರಿತ್ತು. ಆದರೆ ಪಾಶ್ಚಾತ್ಯ ದೇಶಗಳಲ್ಲಿ ಅಷ್ಟಾಗಿ ಕಾಣದ ಸಾವುಗಳು ಇಲ್ಲಿದ್ದವು – ರೋಗದಿಂದಲ್ಲ, ಚಿಕಿತ್ಸೆಯ ನಡುವೆ ಬಂದೆರಗುವ ಸೋಂಕಿನಿಂದ.

ಮೆಂಫಿಸ್‌ನಲ್ಲಿ ಗೆದ್ದ ಚಿಕಿತ್ಸೆಯನ್ನು ಹಾಗೆಯೇ ತಂದು ರಾಯಚೂರಿನ ಮಗುವಿಗೆ ಕೊಟ್ಟರೆ ಅಷ್ಟೇ ಫಲ ಸಿಗುತ್ತದೆಂಬ ಭರವಸೆಯಿಲ್ಲ. ತೂಕವಿಲ್ಲದ, ರೋಗ ಮುಂದುವರಿದ ಮೇಲೆ ಆಸ್ಪತ್ರೆ ತಲುಪಿದ ಮಗುವಿನ ದೇಹ ಅದೇ ಪ್ರಮಾಣದ ಔಷಧವನ್ನು ತಡೆಯದಿರಬಹುದು. ದೇಹದ ಗುಣವೂ ಬೇರೆಯಿರಬಹುದು. 6-ಮರ್ಕ್ಯಾಪ್ಟೊಪ್ಯುರಿನ್ ಕೆಲವು ಮಕ್ಕಳಿಗೆ ಒಗ್ಗುವುದಿಲ್ಲ, ಬಿಳಿ ರಕ್ತಕಣಗಳು ಅಪಾಯಕಾರಿಯಾಗಿ ಕುಸಿಯುತ್ತವೆ. ಯುರೋಪಿಯನ್ನರಲ್ಲಿ ಇದಕ್ಕೆ ಕಾರಣವಾದ ವಂಶವಾಹಿಯನ್ನು ದಶಕಗಳ ಹಿಂದೆಯೇ ಗುರುತಿಸಲಾಗಿತ್ತು. ಏಷ್ಯಾದ ರೋಗಿಗಳಿಗೆ ಆ ಪರೀಕ್ಷೆ ಮಾಡಿದರೆ ಬಹುತೇಕ ಪ್ರಕರಣಗಳಿಗೆ ವಿವರಣೆಯೇ ಸಿಗುತ್ತಿರಲಿಲ್ಲ. ಎನ್‌ಯುಡಿಟಿ15 ಎಂಬ ಬೇರೆಯೇ ವಂಶವಾಹಿ ಇದಕ್ಕೆ ಹೊಣೆಯೆಂದು ಗೊತ್ತಾದದ್ದು 2014ರಲ್ಲಿ, ಕೊರಿಯಾದ ರೋಗಿಗಳ ಅಧ್ಯಯನದಿಂದ. ಮರುವರ್ಷ ಲ್ಯುಕೇಮಿಯಾದ ಮಕ್ಕಳಲ್ಲೂ ಅದು ದೃಢಪಟ್ಟಿತು. ಏಷ್ಯಾದವರನ್ನು ಅಧ್ಯಯನಕ್ಕೆ ಸೇರಿಸದಿದ್ದರೆ ಅದು ಇನ್ನೂ ಎಷ್ಟು ಕಾಲ ಮರೆಯಲ್ಲಿರುತ್ತಿತ್ತೋ.

ಔಷಧದ ಗುಣಮಟ್ಟದ ಪ್ರಶ್ನೆ ಇದಕ್ಕಿಂತ ಕಹಿಯಾದದ್ದು. ಆಸ್ಪರಾಜಿನೇಸ್ ಈ ರೋಗದ ಚಿಕಿತ್ಸೆಗೆ ಅನಿವಾರ್ಯವಾದ ಚುಚ್ಚುಮದ್ದು. 1953ರಲ್ಲಿ ಜಾನ್ ಕಿಡ್ ಎಂಬ ವಿಜ್ಞಾನಿ ಗಿನಿಪಿಗ್‌ಗಳ ರಕ್ತದ್ರವಕ್ಕೆ ಇಲಿಗಳ ಗೆಡ್ಡೆಗಳನ್ನು ಕರಗಿಸುವ ಶಕ್ತಿಯಿದೆಯೆಂದು ಕಂಡದ್ದೇ ಇದರ ಮೂಲ. ‘ನಾವೇನು ಗಿನಿಪಿಗ್‌ಗಳೇ?’ ಎಂದು ಕೇಳುವವರಿಗೆ ಇದು ಕೊಂಚ ವಿಚಿತ್ರವಾಗಿ ಕಾಣಬಹುದು. ಲ್ಯುಕೇಮಿಯಾದ ಕಣಗಳಿಗೆ ಬೇಕಾದ ಆಸ್ಪರಜಿನ್ ಎಂಬ ಪೋಷಕಾಂಶವನ್ನು ರಕ್ತದಲ್ಲಿ ಇಲ್ಲವಾಗಿಸಿ ಅವನ್ನು ಉಪವಾಸ ಕೆಡಹುವುದು ಇದರ ಕೆಲಸ. ಭಾರತದಲ್ಲಿ ಮಾರಾಟವಾಗುವ ಇದರ ಹಲವು ಅಗ್ಗದ ಮಾದರಿಗಳ ಗುಣಮಟ್ಟ ತೃಪ್ತಿಕರವಾಗಿಲ್ಲವೆಂದು ನಮ್ಮವರೇ ಸೇರಿ ನಡೆಸಿದ ಅಧ್ಯಯನವೊಂದು 2021ರಲ್ಲಿ ಎಚ್ಚರಿಸಿತು. ವೈದ್ಯರು ಕ್ರಮದ ಪ್ರಕಾರವೇ ಚುಚ್ಚುಮದ್ದು ಕೊಟ್ಟಿರುತ್ತಾರೆ, ದಾಖಲೆಯಲ್ಲಿ ಎಲ್ಲವೂ ಸರಿಯಿರುತ್ತದೆ, ಸೀಸೆಯೊಳಗಿನ ಔಷಧಕ್ಕೆ ಮಾತ್ರ ಸಾಕಷ್ಟು ಶಕ್ತಿಯಿರುವುದಿಲ್ಲ. ಇಂಥದು ಬೆಳಕಿಗೆ ಬರುವುದು ರಕ್ತದ ಮಾದರಿ ತೆಗೆದು ಅಳೆಯುವ ವ್ಯವಸ್ಥೆಯಿದ್ದಾಗ, ಅಂದರೆ ಚಿಕಿತ್ಸೆ ಅಧ್ಯಯನದ ಶಿಸ್ತಿನೊಳಗೆ ನಡೆದಾಗ ಮಾತ್ರ.

ಇನ್ನೊಂದು ಸಮಸ್ಯೆ ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟುಹೋಗುವುದು. ಮೊದಲ ತಿಂಗಳ ಚಿಕಿತ್ಸೆ ಮುಗಿಯುವಷ್ಟರಲ್ಲಿ ಬಹುಪಾಲು ಮಕ್ಕಳ ರಕ್ತ ಸಹಜವಾಗಿರುತ್ತದೆ. ಮಗು ಆಡುತ್ತದೆ, ಉಣ್ಣುತ್ತದೆ. ಬೀದರಿನಿಂದಲೋ ಬಳ್ಳಾರಿಯ ಹಳ್ಳಿಯಿಂದಲೋ ಬೆಂಗಳೂರಿಗೆ ಬಂದು, ಕೂಲಿ ಕಳೆದುಕೊಂಡು, ಆಸ್ಪತ್ರೆಯ ಆವರಣದಲ್ಲೋ ಬಾಡಿಗೆ ಕೋಣೆಯಲ್ಲೋ ದಿನ ದೂಡುತ್ತಿರುವ ಕುಟುಂಬಕ್ಕೆ ‘ಗುಣವಾಯಿತಲ್ಲ, ಇನ್ನೇಕೆ?’ ಎನಿಸುವುದು ಸಹಜ. ಮನೆಯಲ್ಲಿ ಇನ್ನೊಂದು ಮಗುವಿದೆ, ದುಡಿಯುವ ಕೈ ಒಂದೇ ಇದೆ. ಸರ್ಕಾರದ ಆರೋಗ್ಯ ಯೋಜನೆ ಔಷಧದ ವೆಚ್ಚ ಭರಿಸಬಹುದು. ಎರಡು ವರ್ಷದ ಓಡಾಟದ, ತಪ್ಪಿದ ಕೂಲಿಯ ವೆಚ್ಚವನ್ನಲ್ಲ. ಹೀಗೆ ಬಿಟ್ಟುಹೋದ ಮಗು ಆಸ್ಪತ್ರೆಯ ಸಾಮಾನ್ಯ ದಾಖಲೆಯಿಂದ ಸದ್ದಿಲ್ಲದೆ ಮರೆಯಾಗುತ್ತದೆ. ಸರಿಯಾದ ಅಧ್ಯಯನದಲ್ಲಿ ಹಾಗಾಗುವಂತಿಲ್ಲ, ಬಿಟ್ಟುಹೋದ ಮಗುವನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು. ಹಿಡಿದಾಗಲೇ ಫೋನ್ ಮಾಡುವವರು, ಊರಿಗೆ ಹೋಗಿ ಕಾಣುವವರು, ಬಸ್ ಚಾರ್ಜು ಕೊಡುವವರು ಬೇಕೆಂಬ ವಾದಕ್ಕೆ ಆಧಾರ ಸಿಗುತ್ತದೆ. ಮನೆಯಲ್ಲಿ ನುಂಗುವ ಮಾತ್ರೆಯ ವಿಷಯದಲ್ಲೂ ಇದೇ ಮಾತು. ನೂರು ಬಾರಿಯಲ್ಲಿ ಐದಕ್ಕಿಂತ ಹೆಚ್ಚು ಬಾರಿ ತಪ್ಪಿಸಿದ ಮಕ್ಕಳಲ್ಲಿ ರೋಗ ಮರಳುವ ಅಪಾಯ ಹೆಚ್ಚುತ್ತದೆಂದು ಸ್ಮಿತಾ ಭಾಟಿಯಾ ಅವರ ತಂಡ 2012ರಲ್ಲಿ ಅಮೆರಿಕದಲ್ಲಿ ತೋರಿಸಿತು.

ನಮ್ಮ ಪ್ರಶ್ನೆಗಳನ್ನು ನಾವೇ ಕೇಳಿಕೊಂಡಾಗ ಏನಾಗುತ್ತದೆಂಬುದಕ್ಕೆ ಒಳ್ಳೆಯ ಉದಾಹರಣೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನದು. ಅಕ್ಯೂಟ್ ಪ್ರೊಮೈಲೊಸೈಟಿಕ್ ಲ್ಯುಕೇಮಿಯಾ ಎಂಬ ಇನ್ನೊಂದು ಬಗೆಯ ರಕ್ತ ಕ್ಯಾನ್ಸರ್‌ಗೆ ಪಾಶ್ಚಾತ್ಯ ದೇಶಗಳ ಚಿಕಿತ್ಸೆ ದುಬಾರಿಯಾಗಿತ್ತು. ಚೀನಾದ ವೈದ್ಯರು 1970ರ ದಶಕದಿಂದ ಪಾಷಾಣವನ್ನು, ಅಂದರೆ ಆರ್ಸೆನಿಕ್ಕನ್ನು ಇದಕ್ಕೆ ಬಳಸುತ್ತಿದ್ದರು. ವೆಲ್ಲೂರಿನವರು ಸ್ಥಳೀಯವಾಗಿ ತಯಾರಿಸಿದ ಆರ್ಸೆನಿಕ್ ಟ್ರೈಆಕ್ಸೈಡನ್ನು 1998ರಿಂದ 72 ಹೊಸ ರೋಗಿಗಳಿಗೆ ಒಂಟಿ ಔಷಧವಾಗಿ ಕೊಟ್ಟು ವರ್ಷಗಟ್ಟಲೆ ಅನುಸರಿಸಿ ನೋಡಿದರು. ಶೇ 86ರಷ್ಟು ಜನರಲ್ಲಿ ರೋಗ ಪೂರ್ತಿ ಹಿಂದೆ ಸರಿಯಿತು. ಐದು ವರ್ಷದ ನಂತರ ಸುಮಾರು ಮುಕ್ಕಾಲು ಪಾಲು ಜನ ಬದುಕಿದ್ದರು. ಬಡತನದ ಒತ್ತಡದಲ್ಲಿ ಹುಟ್ಟಿದ ಈ ಪ್ರಶ್ನೆ ದಾರಿ ತಪ್ಪಿದ್ದಲ್ಲವೆಂಬುದು, ಆರ್ಸೆನಿಕ್ ಇರುವ, ಕಿಮೊಥೆರಪಿಯಿಲ್ಲದ ಕ್ರಮವೇ ಮೇಲೆಂದು 2013ರಲ್ಲಿ ಯುರೋಪಿನ ದೊಡ್ಡ ಅಧ್ಯಯನ ತೋರಿಸಿದಾಗ ಖಚಿತವಾಯಿತು.

ಇಂಥ ಯತ್ನ ಈಗ ವಿರಳವೇನಲ್ಲ. ಮಕ್ಕಳ ಲ್ಯುಕೇಮಿಯಾಕ್ಕೆಂದೇ ದೇಶದ ಹಲವು ಆಸ್ಪತ್ರೆಗಳು ಒಗ್ಗೂಡಿ ರೂಪಿಸಿದ ‘ಐಸಿಕಲ್’ ಗುಂಪು 2015ರಲ್ಲಿ ಭಾರತದ ಪ್ರಯೋಗ ನೋಂದಣಿಯಲ್ಲಿ ದಾಖಲಿಸಿದ ಅಧ್ಯಯನದ ಪ್ರಶ್ನೆಗಳಲ್ಲೊಂದು ಸ್ಟೀರಾಯ್ಡ್ ಅವಧಿಯನ್ನು ಕಡಿಮೆ ಮಾಡಿದರೆ ಸೋಂಕಿನಂಥ ಅಪಾಯ ತಗ್ಗೀತೇ ಎಂಬುದು. ಬೊಂಬಾಯಿ ಐಐಟಿ ಮತ್ತು ಟಾಟಾ ಸ್ಮಾರಕ ಕೇಂದ್ರ ಸೇರಿ ರೂಪಿಸಿದ ‘ನೆಕ್ಸ್‌ಕಾರ್19’ಗೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ದೊರೆಯಿತು. ರೋಗಿಯದೇ ರೋಗನಿರೋಧಕ ಕಣಗಳನ್ನು ತೆಗೆದು, ಕ್ಯಾನ್ಸರ್ ಕಣವನ್ನು ಗುರುತಿಸುವಂತೆ ಪ್ರಯೋಗಶಾಲೆಯಲ್ಲಿ ತಿದ್ದಿ, ಮತ್ತೆ ದೇಹಕ್ಕೆ ಸೇರಿಸುವ ಚಿಕಿತ್ಸೆಯಿದು. ಅಮೆರಿಕದಲ್ಲಿ 2017ರಲ್ಲಿ ಬಂದ ಇಂಥದೇ ಮೊದಲ ಚಿಕಿತ್ಸೆಯ ಬೆಲೆ ಆಗ 4,75,000 ಡಾಲರ್ ಆಗಿತ್ತು; ಇಲ್ಲಿನದು ಅದರ ಹತ್ತನೇ ಒಂದರಷ್ಟು. ಹಾಗೆಂದು ಅದೂ ಲಕ್ಷಾಂತರ ರೂಪಾಯಿಯದೇ, ಬಹುಪಾಲು ಕುಟುಂಬಗಳ ಕೈಗೆಟುಕದ್ದೇ.

ಜನರ ಭಯಕ್ಕೆ ಕಾರಣವಿಲ್ಲದಿಲ್ಲ. ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲೂ ಗುಜರಾತಿನ ವಡೋದರಾದಲ್ಲೂ ಬಾಲಕಿಯರಿಗೆ ಎಚ್‌ಪಿವಿ ಲಸಿಕೆ ಹಾಕುತ್ತಿದ್ದ ಅಧ್ಯಯನ, ಸಮ್ಮತಿ ಪಡೆದ ಬಗೆಯ ಕುರಿತ ಆಕ್ಷೇಪಗಳ ನಡುವೆ 2010ರಲ್ಲಿ ನಿಂತಿತು. 2013ರಲ್ಲಿ ಸುಪ್ರೀಂ ಕೋರ್ಟ್ ಔಷಧ ಪ್ರಯೋಗಗಳ ಮೇಲ್ವಿಚಾರಣೆಯ ವಿಷಯದಲ್ಲಿ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. 2019ರ ಹೊಸ ನಿಯಮಗಳು ನೈತಿಕ ಸಮಿತಿಯ ನೋಂದಣಿ, ಹಾನಿಯಾದರೆ ಪರಿಹಾರ ಇತ್ಯಾದಿಗಳನ್ನು ಕಟ್ಟುನಿಟ್ಟುಗೊಳಿಸಿವೆ. ಆದರೆ ಲಾಭಕ್ಕಾಗಿ ಹೊಸ ಔಷಧ ಪರೀಕ್ಷಿಸುವ ಕಂಪೆನಿಯ ಪ್ರಯೋಗವನ್ನೂ, ಹಳೆಯ ಔಷಧಗಳ ಪ್ರಮಾಣವನ್ನು ಹೋಲಿಸುವ ಆಸ್ಪತ್ರೆಗಳ ಅಧ್ಯಯನವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಅಭ್ಯಾಸ ಸಾರ್ವಜನಿಕ ಚರ್ಚೆಯಲ್ಲಿ ಹೋಗಿಲ್ಲ. ಮೊದಲನೆಯದಕ್ಕೆ ಹಣ ಹೂಡುವವರಿದ್ದಾರೆ. ಎರಡನೆಯದಕ್ಕೆ ಸರ್ಕಾರ ಮತ್ತು ದಾನಿಗಳನ್ನು ಬಿಟ್ಟರೆ ಗತಿಯಿಲ್ಲ. ಒಂದು ಸ್ಟೀರಾಯ್ಡ್ ಮಾತ್ರೆ ಕಡಿಮೆ ಮಾಡಿದರೆ ಯಾವ ಕಂಪೆನಿಗೂ ಲಾಭವಿಲ್ಲ.

2024ರ ಡಿಸೆಂಬರ್‌ನಲ್ಲಿ ಹೊರಬಂದ ಒಂದು ಫಲಿತಾಂಶ ಈ ಪ್ರಶ್ನೆಯನ್ನು ಇನ್ನಷ್ಟು ಹರಿತಗೊಳಿಸಿದೆ. ಅಮೆರಿಕ, ಕೆನಡಾ ಮೊದಲಾದ ದೇಶಗಳ 1,440 ಮಕ್ಕಳ ಅಧ್ಯಯನದಲ್ಲಿ, ರೂಢಿಯ ಕಿಮೊಥೆರಪಿಗೆ ಬ್ಲಿನಾಟುಮೊಮ್ಯಾಬ್ ಎಂಬ ಔಷಧದ ಎರಡು ಸುತ್ತು ಸೇರಿಸಿದವರಲ್ಲಿ ಮೂರು ವರ್ಷ ರೋಗವಿಲ್ಲದೆ ಉಳಿದವರು ಶೇ 96. ಸೇರಿಸದವರಲ್ಲಿ ಶೇ 87.9. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಚೀಟಿ ಎತ್ತುವುದನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಒಂದು ಸುತ್ತೆಂದರೆ 28 ದಿನ ನಿರಂತರವಾಗಿ ರಕ್ತನಾಳಕ್ಕೆ ಹರಿಸುವ, ಅತಿ ದುಬಾರಿಯಾದ ಔಷಧವದು. ನಮ್ಮ ಮಕ್ಕಳಿಗೆ ಒಂದೇ ಸುತ್ತು ಸಾಕೇ, ಸೋಂಕು ತರುವ ಕಿಮೊಥೆರಪಿಯ ಒಂದು ಭಾಗವನ್ನು ಬಿಟ್ಟು ಅದರ ಜಾಗದಲ್ಲಿ ಇದನ್ನು ಇಡಬಹುದೇ – ಇಂಥವನ್ನು ಬಾಸ್ಟನ್ನೋ ಟೊರಾಂಟೊವೋ ನಮ್ಮ ಪರವಾಗಿ ಕೇಳಲಾರವು.

ಇವನ್ನು ಬೆಂಗಳೂರಿನಲ್ಲಿ ಕೇಳಬೇಕಾದರೆ ಸಮ್ಮತಿ ಪತ್ರದ ಕನ್ನಡವೂ ಸರಿಯಾಗಬೇಕು. ಯಾವ ಮಗುವಿಗೆ ಯಾವ ಚಿಕಿತ್ಸೆಯೆಂದು ಆಯ್ಕೆ ಮಾಡದೆ ನಿರ್ಧರಿಸುವುದಕ್ಕೆ ಪಠ್ಯಪುಸ್ತಕದ ಕನ್ನಡದಲ್ಲಿ ‘ಯಾದೃಚ್ಛಿಕ’ ಎಂಬ ಪದವಿದೆ. ಪದವೀಧರರೂ ತಡವರಿಸುವ ಪದವದು. ‘ಚೀಟಿ ಎತ್ತುತ್ತೇವೆ’ ಎಂದರೆ ಸಂತೆಗೆ ಹೋಗುವ ಯಾರಿಗೂ ಅರ್ಥವಾಗುತ್ತದೆ. ಅರ್ಥವಾದೊಡನೆ ತಾಯಿ ಕೇಳುವ ಮುಂದಿನ ಪ್ರಶ್ನೆ, ‘ಎರಡರಲ್ಲಿ ಒಳ್ಳೆಯ ಚೀಟಿ ಯಾವುದು?’ ಎಂಬುದು. ‘ನಮಗೂ ಗೊತ್ತಿಲ್ಲ, ಗೊತ್ತಿದ್ದರೆ ಅದನ್ನೇ ಕೊಡುತ್ತಿದ್ದೆವು’ ಎಂದು ವೈದ್ಯರು ಆಗ ಹೇಳಬೇಕಾಗುತ್ತದೆ. ದಿನಕ್ಕೆ ನೂರಾರು ರೋಗಿಗಳು ಬರುವ ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಅದನ್ನು ಕೂತು ವಿವರಿಸಲು ಅರ್ಧ ಗಂಟೆಯಾದರೂ ಬೇಕು.